ತಲೆ ಓಪನ್ ಮಾಡೋದಾ, ತೊಡೆಯಿಂದ ತಂತಿ ಹಾಕೋದಾ? ಮೆದುಳಿನ ಅನ್ಯೂರಿಸಂ ಮುಚ್ಚುವ ಸಾಧನಗಳು ಬಂದ ದಾರಿ

ಮೆದುಳಿನ ರಕ್ತನಾಳದಲ್ಲಿ ಅನ್ಯೂರಿಸಂ, ಅಂದರೆ ನಾಳದ ಗೋಡೆ ಊದಿ ಎದ್ದ ಗುಳ್ಳೆ, ಇದೆ ಅಂತ ಸ್ಕ್ಯಾನ್ ರಿಪೋರ್ಟ್ ಬಂತು ಅಂದ್ರೆ, ನಮ್ಮ ಕಡೆ ಮನೆಯವರು ಕೇಳುವ ಮೊದಲ ಪ್ರಶ್ನೆ ಇದೇ. "ಡಾಕ್ಟ್ರೇ, ತಲೆ ಓಪನ್ ಮಾಡ್ತೀರಾ, ಇಲ್ಲಾ ತೊಡೆಯಿಂದ ತಂತಿ ಹಾಕ್ತೀರಾ?" ಅಷ್ಟರಲ್ಲಿ ನೆಂಟರ ಫೋನುಗಳು ಶುರುವಾಗಿರುತ್ತವೆ. ಮಣಿಪಾಲದಲ್ಲಿ ಯಾರಿಗೋ ತಂತಿಯಲ್ಲೇ ಮುಗಿಸಿದ್ರಂತೆ, ಬೇಗ ಮನೆಗೆ ಕಳಿಸಿದ್ರಂತೆ ಅಂತ ತೀರ್ಥಹಳ್ಳಿಯ ಭಾವ ಹೇಳ್ತಾರೆ. ಬೆಂಗಳೂರಲ್ಲಿ ಬುರುಡೆ ತೆಗೆದು ಕ್ಲಿಪ್ ಹಾಕಿದವರು ಈಗ ಆರಾಮಾಗಿ ತೋಟಕ್ಕೆ ಹೋಗಿ ಬರ್ತಾರೆ ಅಂತ ಸಾಗರದ ಚಿಕ್ಕಮ್ಮ ಹೇಳ್ತಾರೆ. ಇಬ್ಬರು ಹೇಳಿದ್ದೂ ನಿಜ ಇರಬಹುದು. ಆದರೆ ಕೇಳಿದವರ ಮನಸ್ಸಿನಲ್ಲಿ ಉಳಿಯುವ ಲೆಕ್ಕ ಒಂದೇ: ಕ್ಲಿಪ್ ಹಳೇದು, ತಂತಿ ಹೊಸದು, ಹೊಸದೇ ಒಳ್ಳೇದು.

ಲೆಕ್ಕ ಅಷ್ಟು ಸಲೀಸಾಗಿಲ್ಲ. ಸುಮಾರು ತೊಂಬತ್ತು ವರ್ಷಗಳಲ್ಲಿ ಬಂದ ಒಂದೊಂದು ಸಾಧನವೂ ಹಿಂದಿನದು ಎಲ್ಲಿ ಸೋತಿತೋ ಅಲ್ಲಿ ಹುಟ್ಟಿದ್ದು. ಹಿಂದಿನದು ಎಲ್ಲಿ ಗೆದ್ದಿತ್ತೋ ಅಲ್ಲಿ ಅದು ಇವತ್ತಿಗೂ ಕೆಲಸ ಮಾಡುತ್ತಿದೆ.

ಮೊದಲು ಕಾಯಿಲೆ ಏನು ಅಂತ ನೋಡೋಣ. ಕುತ್ತಿಗೆಯಿಂದ ಮೇಲೆ ಹತ್ತುವ ನಾಲ್ಕು ದೊಡ್ಡ ರಕ್ತನಾಳಗಳು ಮೆದುಳಿನ ತಳದಲ್ಲಿ ಒಂದು ಉಂಗುರವಾಗಿ ಕೂಡಿಕೊಳ್ಳುತ್ತವೆ. ಅಲ್ಲಿಂದ ಕವಲೊಡೆದು ಮೆದುಳಿನ ಮೂಲೆಮೂಲೆಗೂ ಹೋಗುತ್ತವೆ. ಇಂಗ್ಲೆಂಡಿನ ಥಾಮಸ್ ವಿಲಿಸ್ 1664ರಲ್ಲಿ ಇದನ್ನು ಸರಿಯಾಗಿ ವಿವರಿಸಿದ, ಹಾಗಾಗಿ ಆ ಉಂಗುರಕ್ಕೆ ಇವತ್ತಿಗೂ ಅವನದೇ ಹೆಸರು. ಅನ್ಯೂರಿಸಂ ಸಾಮಾನ್ಯವಾಗಿ ಬರುವುದು ಈ ಕವಲುಗಳಲ್ಲಿ. ಅಡಿಕೆ ತೋಟಕ್ಕೆ ಪಂಪ್ ಹಾಕಿ ನೀರು ಬಿಟ್ಟಾಗ ಹಳೇ ರಬ್ಬರ್ ಪೈಪು ಎಲ್ಲಿ ಊದಿಕೊಳ್ಳುತ್ತದೆ? ನೀರು ಎರಡು ದಾರಿಗೆ ಒಡೆಯುವ ಕಡೆ, ಅಲ್ವಾ? ಅಲ್ಲಿ ನೀರು ಬಂದು ಬಂದು ಗುದ್ದುತ್ತದೆ, ಗೋಡೆ ತೆಳುವಾಗುತ್ತದೆ, ಒಂದು ಗುಳ್ಳೆ ಏಳುತ್ತದೆ. ನಾಳದಲ್ಲಿ ಆಗುವುದೂ ಹೆಚ್ಚುಕಡಿಮೆ ಇದೇ. ಗುಳ್ಳೆಗೆ ಒಂದು ಹೊಟ್ಟೆ ಇರುತ್ತದೆ, ನಾಳಕ್ಕೆ ಅಂಟಿಕೊಂಡ ಒಂದು ಕತ್ತು ಇರುತ್ತದೆ. ಈ ಕತ್ತನ್ನು ನೆನಪಿಟ್ಟುಕೊಳ್ಳಿ. ಮುಂದಿನ ಕಥೆಯೆಲ್ಲ ಅದರ ಸುತ್ತಲೇ.

ದೊಡ್ಡವರಲ್ಲಿ ನೂರಕ್ಕೆ ಸುಮಾರು ಮೂರು ಜನರ ತಲೆಯಲ್ಲಿ ಇಂಥ ಗುಳ್ಳೆ ಇರುತ್ತದೆ. ಹೆಚ್ಚಿನವರಿಗೆ ಸಾಯುವವರೆಗೂ ಅದು ಗೊತ್ತೇ ಆಗುವುದಿಲ್ಲ. ಬೀಡಿ ಸಿಗರೇಟು ಮತ್ತು ಬಿಪಿ ಇದ್ದವರಿಗೆ ಅಪಾಯ ಜಾಸ್ತಿ. ಒಡೆದರೆ ಮಾತ್ರ ಕಥೆ ಬೇರೆ. ರಕ್ತ ಮೆದುಳಿನ ಸುತ್ತಲಿನ ತೆಳು ಪೊರೆಗಳ ನಡುವೆ ನುಗ್ಗುತ್ತದೆ. ತಲೆನೋವು ಕ್ಷಣದಲ್ಲಿ ತಾರಕಕ್ಕೆ ಹೋಗುತ್ತದೆ. ಜೀವಮಾನದಲ್ಲಿ ಇಂಥದ್ದು ಬಂದಿರಲಿಲ್ಲ ಅಂತ ಬದುಕಿ ಉಳಿದವರು ಹೇಳ್ತಾರೆ. ವಾಂತಿ ಬರುತ್ತದೆ, ಕುತ್ತಿಗೆ ಬಿಗಿಯುತ್ತದೆ, ಕೆಲವರು ಅಲ್ಲೇ ಎಚ್ಚರ ತಪ್ಪುತ್ತಾರೆ. ನಮ್ಮಲ್ಲಿ ತಲೆನೋವು, ವಾಂತಿ ಎರಡೂ ಕೂಡಿದರೆ "ಪಿತ್ತ ಜಾಸ್ತಿಯಾಗಿದೆ" ಅಂತ ನಿಂಬೆ ಪಾನಕ ಕೊಟ್ಟು ಮಲಗಿಸುವುದು ರೂಢಿ. ಬೇಸಿಗೆಯಾದರೆ ಮಂಗನ ಕಾಯಿಲೆಯ ಭಯ. ಮಂಗನ ಕಾಯಿಲೆಯ ತಲೆನೋವು ಜ್ವರದ ಜೊತೆ ಬರುತ್ತದೆ. ಇದು ಜ್ವರ ಇಲ್ಲದೆ, ಸಗಣಿ ಬಾಚುತ್ತಿರುವಾಗಲೋ ಸ್ನಾನದ ಮನೆಯಲ್ಲೋ ಏಕ್‌ದಂ ಬಡಿಯುತ್ತದೆ. ಹಾಗಾದಾಗ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಿ.

ಯಾಕೆ ಇಷ್ಟು ಅವಸರ? ಒಮ್ಮೆ ಒಡೆದ ಗುಳ್ಳೆಯ ಮೇಲೆ ರಕ್ತ ಹೆಪ್ಪುಗಟ್ಟಿ ತಾತ್ಕಾಲಿಕವಾಗಿ ನಿಂತಿರುತ್ತದೆ. ಅದು ಮತ್ತೆ ಒಡೆಯುವ ಅಪಾಯ ಅತಿ ಹೆಚ್ಚು ಇರುವುದು ಮೊದಲ 24 ಗಂಟೆಯಲ್ಲಿ. ಎರಡನೇ ಸಲ ಒಡೆದರೆ ಬಹಳ ಜನ ಉಳಿಯುವುದಿಲ್ಲ. ಮನೆಯವರು ಹೆಚ್ಚಾಗಿ ತಪ್ಪು ತಿಳಿಯುವುದು ಇಲ್ಲೇ. ಕ್ಲಿಪ್ ಆಗಲಿ ಕಾಯಿಲ್ (ತೊಡೆಯಿಂದ ಒಳಗೆ ಬಿಡುವ ತಂತಿ ಸುರುಳಿ) ಆಗಲಿ, ಆಗಲೇ ಚೆಲ್ಲಿದ ರಕ್ತದಿಂದ ಆದ ಹಾನಿಯನ್ನು ಸರಿ ಮಾಡುವುದಿಲ್ಲ. ಅದರ ಕೆಲಸ ಒಂದೇ, ಮತ್ತೆ ಒಡೆಯದಂತೆ ಮುಚ್ಚುವುದು. "ಆಪರೇಷನ್ ಸಕ್ಸೆಸ್ ಅಂದ್ರಿ, ಮತ್ತೆ ಯಾಕೆ ಐಸಿಯುನಲ್ಲಿ ಇಟ್ಕೊಂಡಿದೀರಿ?" ಅಂತ ಜಗಳ ಆಗುವುದು ಇದಕ್ಕೇ. ಚೆಲ್ಲಿದ ರಕ್ತದಿಂದ ಕೆರಳಿದ ನಾಳಗಳು ಮುಂದಿನ ಎರಡು ವಾರದೊಳಗೆ ಸೆಟೆದುಕೊಳ್ಳಬಹುದು. ಅದಕ್ಕಾಗಿಯೇ ನಿಮೋಡಿಪಿನ್ ಮಾತ್ರೆಯನ್ನು ನಾಲ್ಕು ಗಂಟೆಗೊಮ್ಮೆ, ರಾತ್ರಿ ಎಬ್ಬಿಸಿಯಾದರೂ, 21 ದಿನ ಕೊಡುವುದು.

ಹೊರಗಿನಿಂದ ಹಿಡಿದವರು

ಸಾಧನ ಅನ್ನುವುದು ಬರುವ ಮುಂಚೆ ಇದ್ದ ಉಪಾಯ ಕಟ್ಟುವುದು. ಲಂಡನ್ನಿನ ಜಾನ್ ಹಂಟರ್ 1785ರಲ್ಲಿ ಮಂಡಿಯ ಹಿಂದಿನ ಅನ್ಯೂರಿಸಂಗೆ, ಅದನ್ನು ಮುಟ್ಟದೆ, ತೊಡೆಯಲ್ಲೇ ನಾಳವನ್ನು ಕಟ್ಟಿದ. ಇದೇ ಉಪಾಯವನ್ನು ಮುಂದೆ ಮೆದುಳಿಗೂ ತಂದರು. 1885ರಲ್ಲಿ ವಿಕ್ಟರ್ ಹಾರ್ಸ್ಲಿ ಕುತ್ತಿಗೆಯ ನಾಳ ಕಟ್ಟಿದ. ಕಾಲಿನಲ್ಲಿ ಸುತ್ತುದಾರಿಯಿಂದ ರಕ್ತ ಬರುತ್ತದೆ. ಮೆದುಳಿನಲ್ಲಿ ಆ ಭರವಸೆ ಎಲ್ಲರಿಗೂ ಇಲ್ಲ. ಕೆಲವರಿಗೆ ಲಕ್ವ ಹೊಡೆಯುತ್ತಿತ್ತು.

ದೊಡ್ಡ ತೊಡಕು ಅಂದರೆ ಗುಳ್ಳೆ ಎಲ್ಲಿದೆ ಅಂತಲೇ ಕಾಣುತ್ತಿರಲಿಲ್ಲ. 1927ರಲ್ಲಿ ಲಿಸ್ಬನ್‌ನ ಈಗಾಸ್ ಮೋನಿಶ್ ಕುತ್ತಿಗೆಯ ನಾಳಕ್ಕೆ ಅಯೋಡೈಡ್ ದ್ರಾವಣ ಚುಚ್ಚಿ ಮೆದುಳಿನ ನಾಳಗಳ ಎಕ್ಸ್‌ರೇ ತೆಗೆದರು. ಆಂಜಿಯೋಗ್ರಾಂ ಹುಟ್ಟಿದ್ದು ಹೀಗೆ. ವಿಚಿತ್ರ ನೋಡಿ, ಅವರಿಗೆ 1949ರಲ್ಲಿ ನೊಬೆಲ್ ಸಿಕ್ಕಿದ್ದು ಇದಕ್ಕಲ್ಲ, ಮನೋರೋಗಕ್ಕೆ ಮೆದುಳಿನ ನರ ಕತ್ತರಿಸುವ ಆಪರೇಷನ್ನಿಗೆ. ಅದನ್ನು ಜಗತ್ತು ಆಮೇಲೆ ಕೈಬಿಟ್ಟಿತು. ಆಂಜಿಯೋಗ್ರಾಂ ಮಾತ್ರ ದಿನಾ ನಡೆಯುತ್ತಿದೆ.

1931ರಲ್ಲಿ ಎಡಿನ್‌ಬರೋದ ನಾರ್ಮನ್ ಡಾಟ್ ಮೊದಲ ಸಲ ಯೋಜನೆ ಹಾಕಿಕೊಂಡು ಗುಳ್ಳೆಯ ಹತ್ತಿರವೇ ಹೋದರು. ಅವರ ಬಳಿ ಯಾವ ಸಾಧನವೂ ಇರಲಿಲ್ಲ. ರೋಗಿಯ ತೊಡೆಯಿಂದಲೇ ಒಂದು ತುಂಡು ಮಾಂಸ ತೆಗೆದು ರಕ್ತ ಸುರಿಯುತ್ತಿದ್ದ ಗುಳ್ಳೆಯ ಮೇಲೆ ಒತ್ತಿ ಹಿಡಿದರು, ಆಮೇಲೆ ಅದನ್ನೇ ಸುತ್ತಿ ಬಿಟ್ಟರು. ರೋಗಿ ಬದುಕಿದರು, ವರ್ಷಗಟ್ಟಲೆ ಚೆನ್ನಾಗಿದ್ದರು. ಧೈರ್ಯದ ಕೆಲಸ, ಆದರೆ ಕತ್ತು ತೆರೆದೇ ಇತ್ತು. ರಕ್ತ ಗುಳ್ಳೆಯೊಳಗೆ ಹೋಗುವುದು ನಿಂತಿರಲಿಲ್ಲ.

ಕತ್ತು ಮುಚ್ಚಿದವರು ವಾಲ್ಟರ್ ಡ್ಯಾಂಡಿ. ಜಾಗ ಅಮೆರಿಕದ ಬಾಲ್ಟಿಮೋರ್, ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ. ದಿನ 1937ರ ಮಾರ್ಚ್ 23. ರೋಗಿಗೆ 43 ವರ್ಷ. ಒಂದು ಕಣ್ಣಿನ ರೆಪ್ಪೆ ಜೋತುಬಿದ್ದಿತ್ತು, ಆ ಕಣ್ಣು ಸರಿಯಾಗಿ ಹೊರಳುತ್ತಿರಲಿಲ್ಲ. ಕಣ್ಣನ್ನು ಆಡಿಸುವ ಮೂರನೇ ನರದ ಪಕ್ಕದಲ್ಲೇ ಒಂದು ನಾಳ ಕವಲೊಡೆಯುತ್ತದೆ. ಅಲ್ಲಿ ಗುಳ್ಳೆ ಎದ್ದರೆ ನರ ಅದುಮಿ ಹೋಗುತ್ತದೆ. ಆ ಸುಳಿವು ಹಿಡಿದು ಡ್ಯಾಂಡಿ ಬುರುಡೆ ತೆರೆದರು. ಬಟಾಣಿ ಗಾತ್ರದ ಗುಳ್ಳೆ ಸಿಕ್ಕಿತು, ಅದಕ್ಕೆ ಸಣ್ಣ ಕತ್ತು ಇತ್ತು. ಒಂದು ಬೆಳ್ಳಿ ಕ್ಲಿಪ್ಪನ್ನು ಕತ್ತಿಗೆ ಹಾಕಿ ಅದುಮಿದರು. ಗುಳ್ಳೆಯನ್ನು ವಿದ್ಯುತ್ ಕಾವಿನಿಂದ ಸುಟ್ಟು ಕುಗ್ಗಿಸಿದರು. ರೋಗಿ ಗುಣವಾಗಿ ಮನೆಗೆ ಹೋದ. ಇವತ್ತಿಗೂ ತಲೆನೋವಿನ ಜೊತೆ ಒಂದು ರೆಪ್ಪೆ ಇದ್ದಕ್ಕಿದ್ದಂತೆ ಜೋತುಬಿದ್ದರೆ ಡಾಕ್ಟರು ಗಾಬರಿಯಾಗುವುದು ಇದೇ ಕಾರಣಕ್ಕೆ.

ಆ ಬೆಳ್ಳಿ ಕ್ಲಿಪ್ ಅನ್ಯೂರಿಸಂಗೆ ಅಂತ ಮಾಡಿದ್ದೇ ಅಲ್ಲ. ಡ್ಯಾಂಡಿಯ ಗುರು, ಮುಂದೆ ಎದುರಾಳಿಯೂ ಆದ ಹಾರ್ವೆ ಕುಶಿಂಗ್ 1911ರಲ್ಲಿ ಮೆದುಳಿನ ಗಡ್ಡೆ ತೆಗೆಯುವಾಗ ಸುರಿಯುವ ರಕ್ತ ನಿಲ್ಲಿಸಲು ಬೆಳ್ಳಿ ತಂತಿಯ ತುಂಡು ಬಗ್ಗಿಸಿ ಮಾಡಿಕೊಂಡಿದ್ದು. ಅದನ್ನೇ ಇನ್ನೊಬ್ಬರು ತಿದ್ದಿದರು, ಡ್ಯಾಂಡಿ ಬೇರೆ ಕೆಲಸಕ್ಕೆ ಹಚ್ಚಿದರು.

ಬೆಳ್ಳಿ ಮೆತ್ತಗಿನ ಲೋಹ. ಅದುಮಿದರೆ ಅದುಮಿದ ಹಾಗೇ ಕೂರುತ್ತದೆ, ಬಿಚ್ಚಲು ಬರುವುದಿಲ್ಲ. ಕ್ಲಿಪ್ ಒಂದು ಮಿಲಿಮೀಟರ್ ಆಚೀಚೆ ಬಿದ್ದು ಪಕ್ಕದ ಒಳ್ಳೆಯ ನಾಳವೂ ಸಿಕ್ಕಿಕೊಂಡರೆ? ಮುಗಿಯಿತು, ಲಕ್ವ. ಸ್ವೀಡನ್ನಿನ ಓಲಿವೆಕ್ರೋನಾ ಕ್ಲಿಪ್ಪಿಗೆ ಹಿಂದೆ ಎರಡು ರೆಕ್ಕೆ ಇಟ್ಟರು, ಅದನ್ನು ಒತ್ತಿದರೆ ಬಾಯಿ ಮತ್ತೆ ತೆರೆಯುತ್ತಿತ್ತು. ಅಮೆರಿಕದಲ್ಲಿ ಮೇಫೀಲ್ಡ್ ಮತ್ತು ಕೀಸ್ ಸ್ಪ್ರಿಂಗ್ ಇರುವ ಕ್ಲಿಪ್ ಮಾಡಿದರು. ತಾನಾಗಿಯೇ ಮುಚ್ಚಿಕೊಳ್ಳುತ್ತದೆ, ಬೇಕಾದರೆ ತೆಗೆದು ಮತ್ತೆ ಹಾಕಬಹುದು. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಅತಿ ದೊಡ್ಡ ಹೆಜ್ಜೆ ಇದು. ಕೈ ತಪ್ಪಿದರೆ ತಿದ್ದಿಕೊಳ್ಳುವ ಅವಕಾಶ ಸರ್ಜನ್ನಿಗೆ ಸಿಕ್ಕಿತು.

ಆಮೇಲೆ ಮೈಕ್ರೋಸ್ಕೋಪ್ ಬಂತು. ಟರ್ಕಿಯಲ್ಲಿ ಹುಟ್ಟಿದ ಗಾಜಿ ಯಾಸರ್ಗಿಲ್ ಅಮೆರಿಕದ ವರ್ಮಾಂಟ್‌ನಲ್ಲಿ ಸೂಕ್ಷ್ಮ ನಾಳಗಳ ಹೊಲಿಗೆ ಕಲಿತು, 1967ರಿಂದ ಜ್ಯೂರಿಕ್‌ನಲ್ಲಿ ಮೈಕ್ರೋಸ್ಕೋಪ್ ಕೆಳಗೆ ಆಪರೇಷನ್ ಮಾಡತೊಡಗಿದರು. ಮೆದುಳನ್ನು ಕತ್ತರಿಸದೆ, ಅದರ ಮಡಿಕೆಗಳ ನಡುವಿನ ಸಹಜ ಸಂದಿಗಳಲ್ಲೇ ದಾರಿ ಬಿಡಿಸಿಕೊಂಡು ಗುಳ್ಳೆಯ ತನಕ ಹೋಗುವುದನ್ನು ಒಂದಿಡೀ ತಲೆಮಾರಿಗೆ ಕಲಿಸಿದರು. ಅವರ ಹೆಸರಿನ ಕ್ಲಿಪ್ಪುಗಳು ಇವತ್ತಿಗೂ ಆಪರೇಷನ್ ಥಿಯೇಟರಿನಲ್ಲಿವೆ. ಅವರು 2025ರಲ್ಲಿ, 99ನೇ ವಯಸ್ಸಿನಲ್ಲಿ ತೀರಿಕೊಂಡರು.

ಈ ಕ್ಲಿಪ್ಪುಗಳನ್ನು ಹತ್ತಿರದಿಂದ ನೋಡಿದರೆ ಆಶ್ಚರ್ಯವಾಗುತ್ತದೆ. ಕೆಲವದರ ಬಾಯಿ ಬರೀ ಮೂರು ಮಿಲಿಮೀಟರ್, ಕೆಲವದು ಎರಡು ಸೆಂಟಿಮೀಟರ್. ನೆಟ್ಟಗಿರುವುದು, ಬಾಗಿರುವುದು, ಕೋವಿಯ ಕುದುರೆಯ ಹಾಗೆ ಮಣಿದಿರುವುದು, ಎಲ್ಲ ಇದೆ. ಮುಚ್ಚಿಕೊಳ್ಳುವ ಬಲ 150ರಿಂದ 200 ಗ್ರಾಂ ಆಸುಪಾಸು. ಇದಕ್ಕಿಂತ ಕಡಿಮೆಯಾದರೆ ಜಾರುತ್ತದೆ, ಹೆಚ್ಚಾದರೆ ನಾಳ ಹರಿಯುತ್ತದೆ. ಬಂಗಾರದ ಬಣ್ಣದ್ದು ಕೆಲವು ಇರುತ್ತವೆ, ಅವು ತಾತ್ಕಾಲಿಕ. ಗುಳ್ಳೆ ಬಿಡಿಸುವಾಗ ಕೆಲವು ನಿಮಿಷ ಮುಖ್ಯ ನಾಳವನ್ನೇ ನಿಲ್ಲಿಸಲು ಹಾಕುವುದು, ಬಲ ಕಡಿಮೆ. ಕೆನಡಾದ ಚಾರ್ಲ್ಸ್ ಡ್ರೇಕ್ ಕ್ಲಿಪ್ಪಿನ ನಡುವೆ ಒಂದು ಕಿಂಡಿ ಇಟ್ಟರು. ಪಕ್ಕದ ನಾಳ ಆ ಕಿಂಡಿಯಲ್ಲಿ ನುಸುಳಿ ಹೋಗುತ್ತದೆ, ಬಾಯಿ ಮಾತ್ರ ಆಚೆ ಬದಿಯ ಗುಳ್ಳೆಯ ಕತ್ತನ್ನು ಹಿಡಿಯುತ್ತದೆ. ಜಪಾನಿನ ಸುಗಿಟಾ ಇನ್ನಷ್ಟು ಉದ್ದ, ಇನ್ನಷ್ಟು ಆಕಾರಗಳನ್ನು ಸೇರಿಸಿದರು.

ಶಿವಮೊಗ್ಗದ ಯಾವ ಎಂಆರ್‌ಐ ಸೆಂಟರಿಗೆ ಹೋದರೂ ಒಳಗೆ ಬಿಡುವ ಮುಂಚೆ "ತಲೆಯೊಳಗೆ ಕ್ಲಿಪ್ ಇದೆಯಾ?" ಅಂತ ಕೇಳುತ್ತಾರೆ. ಸುಮ್ನೆ ಕೇಳುವುದಲ್ಲ. ಹಳೆಯ ಕೆಲವು ಸ್ಟೀಲ್ ಕ್ಲಿಪ್ಪುಗಳು ಅಯಸ್ಕಾಂತಕ್ಕೆ ಎಳೆಯುತ್ತಿದ್ದವು. ಹಾಗೆ ಎಂಆರ್‌ಐ ಕೋಣೆಯಲ್ಲಿ ಕ್ಲಿಪ್ ಸರಿದು ರೋಗಿ ಸತ್ತ ಪ್ರಕರಣ 1993ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಯಿತು. ಈಗ ಬರುವುದು ಟೈಟಾನಿಯಂ ಅಥವಾ ಕೋಬಾಲ್ಟ್ ಮಿಶ್ರಲೋಹದ್ದು, ಎಂಆರ್‌ಐಗೆ ತೊಂದರೆ ಇಲ್ಲ. ಆದರೂ ಯಾವ ಕ್ಲಿಪ್ ಹಾಕಿದ್ದಾರೆ ಅಂತ ಬರೆದ ಚೀಟಿಯನ್ನು ಆಧಾರ್ ಕಾರ್ಡಿನ ಜೊತೆಗೇ ಇಟ್ಟುಕೊಳ್ಳಿ.

ಒಳಗಿನಿಂದ ಹೋದವರು

ಹೊರಗಿನಿಂದ ಹೋಗುವವರು ಇಷ್ಟೆಲ್ಲ ತಿದ್ದುತ್ತಿರುವಾಗ ಬೇರೆ ಕೆಲವರು ನಾಳದೊಳಗೇ ಹೋಗುವ ಯೋಚನೆಯಲ್ಲಿದ್ದರು. 1953ರಲ್ಲಿ ಸ್ವೀಡನ್ನಿನ ಸೆಲ್ಡಿಂಗರ್ ಸೂಜಿ ಚುಚ್ಚಿ, ಅದರೊಳಗೆ ತಂತಿ ಬಿಟ್ಟು, ಸೂಜಿ ತೆಗೆದು, ತಂತಿಯ ಮೇಲೆ ತೆಳು ಕೊಳವೆ ಜಾರಿಸುವ ವಿಧಾನ ತೋರಿಸಿದರು. ತೊಡೆಸಂದಿಯಿಂದ ಮೆದುಳಿನ ತನಕ ಹೋಗುವ ದಾರಿ ತೆರೆದದ್ದು ಇದೇ.

ಮಾಸ್ಕೋದ ಸೆರ್ಬಿನೆಂಕೊ ಮೇ ದಿನದ ಮೆರವಣಿಗೆಯಲ್ಲಿ ಮಕ್ಕಳ ಕೈಯಲ್ಲಿದ್ದ ಬಲೂನು ನೋಡಿ ಯೋಚನೆ ಹೊಳೆಯಿತು ಅಂತ ಹೇಳುತ್ತಾರೆ. ಕೊಳವೆಯ ತುದಿಯಲ್ಲಿ ಪುಟ್ಟ ಬಲೂನು ಕಟ್ಟಿ, ಜಾಗ ತಲುಪಿದ ಮೇಲೆ ಉಬ್ಬಿಸಿ, ಅಲ್ಲೇ ಬಿಟ್ಟು ಬರುವುದು. 1974ರಲ್ಲಿ ಅವರ ಲೇಖನ ಹೊರಬಂದಾಗ ಜಗತ್ತಿನ ಸರ್ಜನ್ನುಗಳು ಬೆರಗಾದರು. ಆದರೆ ಬಲೂನು ಗುಂಡಗೆ, ಗುಳ್ಳೆ ಸೊಟ್ಟಗೆ. ಬಲೂನು ಗೋಡೆಯನ್ನು ತಳ್ಳಿ ಒಡೆಯುತ್ತಿತ್ತು, ಇಲ್ಲವೇ ದಿನಕಳೆದಂತೆ ಗಾಳಿ ಇಳಿದ ಹಾಗೆ ಕುಗ್ಗುತ್ತಿತ್ತು.

ಗುಳ್ಳೆಯ ಆಕಾರಕ್ಕೆ ತಾನೇ ಬಗ್ಗುವ ವಸ್ತು ಬೇಕಿತ್ತು. ಇಟಲಿಯ ಗ್ವಿಡೊ ಗುಗ್ಲಿಯೆಲ್ಮಿ 1980ರ ದಶಕದ ಮೊದಲಲ್ಲಿ ಪ್ರಯೋಗಪ್ರಾಣಿಯ ಅನ್ಯೂರಿಸಂನೊಳಗೆ ಸ್ಟೀಲ್ ತಂತಿ ಬಿಟ್ಟು, ಸಣ್ಣ ವಿದ್ಯುತ್ ಹರಿಸಿ ರಕ್ತ ಹೆಪ್ಪುಗಟ್ಟಿಸಲು ನೋಡುತ್ತಿದ್ದರು. ತಂತಿಯ ತುದಿ ತಾನಾಗಿ ಕಳಚಿ ಬಿತ್ತು. ರಕ್ತ ಉಪ್ಪು ನೀರು, ವಿದ್ಯುತ್ ಹರಿದಾಗ ಸ್ಟೀಲ್ ಕರಗಿತ್ತು. ಆ ಆಕಸ್ಮಿಕವೇ ಮುಂದೆ ಕೆಲಸಕ್ಕೆ ಬಂತು. ಲಾಸ್ ಏಂಜಲೀಸ್‌ನಲ್ಲಿ ಇಂಜಿನಿಯರ್ ಇವಾನ್ ಸೆಪೆಟ್ಕಾ ಜೊತೆ ಸೇರಿ ಅವರು ಮಾಡಿದ್ದು ಇಷ್ಟು: ಮುಂದೆ ಮೆತ್ತಗಿನ ಪ್ಲಾಟಿನಂ ಸುರುಳಿ, ಹಿಂದೆ ತಳ್ಳಲು ಸ್ಟೀಲ್ ತಂತಿ, ನಡುವೆ ಒಂದು ಬೆಸುಗೆ. ಸುರುಳಿಯನ್ನು ಗುಳ್ಳೆಯೊಳಗೆ ಬಿಟ್ಟು ನೋಡಬಹುದು. ಸರಿಯಾಗಿ ಕೂರಲಿಲ್ಲವೋ, ವಾಪಸ್ ಎಳೆದುಕೊಂಡು ಮತ್ತೆ ಬಿಡಬಹುದು. ಕೂತಿತು ಅನ್ನಿಸಿದ ಮೇಲೆ ಸುಮಾರು ಒಂದು ಮಿಲಿ ಆಂಪಿಯರ್ ವಿದ್ಯುತ್ ಕೊಟ್ಟರೆ ಬೆಸುಗೆಯ ಪಕ್ಕದ ಸ್ಟೀಲ್ ಕರಗಿ ಸುರುಳಿ ಬಿಡುತ್ತದೆ. ಪ್ಲಾಟಿನಂ ಕರಗುವುದಿಲ್ಲ. ಸ್ಪ್ರಿಂಗ್ ಕ್ಲಿಪ್ ಕೊಟ್ಟ ಅದೇ ಸೌಲಭ್ಯ, ತಿದ್ದಿಕೊಳ್ಳುವ ಅವಕಾಶ, ಇಲ್ಲಿಯೂ ಸಿಕ್ಕಿತು.

1990ರಲ್ಲಿ ಮೊದಲ ರೋಗಿಗೆ ಹಾಕಿದರು. 1995ರಲ್ಲಿ ಅಮೆರಿಕ ಸರ್ಕಾರದ ಒಪ್ಪಿಗೆ ಸಿಕ್ಕಿತು. ಆಸ್ಪತ್ರೆಯಲ್ಲಿ "ಕಾಯಿಲಿಂಗ್" ಅನ್ನುವುದು ಇದನ್ನೇ. ಗುಳ್ಳೆ ಪೂರ್ತಿ ಪ್ಲಾಟಿನಂನಿಂದ ತುಂಬಿರುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಇಲ್ಲ. ಎಷ್ಟು ಒತ್ತೊತ್ತಾಗಿ ತುಂಬಿದರೂ ಲೋಹ ಹಿಡಿಯುವ ಜಾಗ ಸಾಮಾನ್ಯವಾಗಿ ಕಾಲು ಭಾಗದಿಂದ ಮೂರನೇ ಒಂದು ಭಾಗ. ಉಳಿದದ್ದನ್ನು ತುಂಬುವುದು ನಮ್ಮದೇ ಹೆಪ್ಪುಗಟ್ಟಿದ ರಕ್ತ. ಆ ಹೆಪ್ಪು ಕಾಲಕ್ರಮೇಣ ಕುಗ್ಗಿದರೆ ಕಾಯಿಲ್ ಒಳಗೆ ಸರಿದು ಕತ್ತು ಮತ್ತೆ ತೆರೆಯಬಹುದು. ಅದಕ್ಕೇ ಕೆಲವು ತಿಂಗಳ ನಂತರ ಮತ್ತೆ ಆಂಜಿಯೋಗ್ರಾಂಗೆ ಕರೆಯುವುದು. ಆರಾಮಾಗಿದೀನಲ್ಲ, ಬಸ್ ಚಾರ್ಜ್ ದಂಡ ಅಂತ ತಪ್ಪಿಸಬೇಡಿ.

ಹಾಗಾದರೆ ಯಾವುದು ಮೇಲು? ಇದನ್ನು ಅಳೆದು ನೋಡಿದ ದೊಡ್ಡ ಅಧ್ಯಯನ ಐಸಾಟ್, 2002ರಲ್ಲಿ ಬಂತು. ಒಡೆದ ಅನ್ಯೂರಿಸಂ ಇದ್ದ 2143 ಜನರಲ್ಲಿ ಅರ್ಧ ಜನಕ್ಕೆ ಕ್ಲಿಪ್, ಅರ್ಧ ಜನಕ್ಕೆ ಕಾಯಿಲ್. ಒಂದು ವರ್ಷದ ನಂತರ ಸತ್ತವರು ಅಥವಾ ಬೇರೆಯವರ ಆಸರೆಯಲ್ಲಿ ಬದುಕುತ್ತಿದ್ದವರು ಕ್ಲಿಪ್ ಗುಂಪಿನಲ್ಲಿ ಶೇ 30.6, ಕಾಯಿಲ್ ಗುಂಪಿನಲ್ಲಿ ಶೇ 23.7. ಕಾಯಿಲ್ ಗೆದ್ದಿತು, ಸುದ್ದಿ ಹರಡಿತು, ಯುರೋಪಿನಲ್ಲಿ ಆಪರೇಷನ್ನುಗಳ ಲೆಕ್ಕವೇ ತಿರುಗಿತು.

ಆದರೆ ಇನ್ನೊಂದು ಅಂಕಿಯನ್ನೂ ನೋಡಬೇಕು. ಪರಿಶೀಲಿಸಿದ್ದು 9559 ರೋಗಿಗಳನ್ನು, ಸೇರಿಸಿಕೊಂಡದ್ದು 2143 ಮಾತ್ರ. ಎರಡರಲ್ಲಿ ಯಾವುದಾದರೂ ಸರಿ ಅಂತ ಡಾಕ್ಟರುಗಳಿಗೆ ಅನ್ನಿಸಿದವರನ್ನಷ್ಟೇ ತೆಗೆದುಕೊಂಡರು. ಹೆಚ್ಚಿನವರ ಗುಳ್ಳೆ ಸಣ್ಣದು, ಮೆದುಳಿನ ಮುಂಭಾಗದ ನಾಳಗಳಲ್ಲಿ ಇತ್ತು. ಉಳಿದ ಏಳು ಸಾವಿರ ಚಿಲ್ಲರೆ ಜನರ ಬಗ್ಗೆ ಐಸಾಟ್ ಏನೂ ಹೇಳುವುದಿಲ್ಲ. ಮುಂದಿನ ವರ್ಷಗಳಲ್ಲಿ ಕಾಯಿಲ್ ಹಾಕಿದವರಿಗೆ ಎರಡನೇ ಸಲ ಚಿಕಿತ್ಸೆ ಬೇಕಾದದ್ದೂ ಜಾಸ್ತಿ. ಮೆದುಳಿನ ಬದಿಯ ನಾಳದ ಕವಲಿನಲ್ಲಿ ಅಗಲ ಕತ್ತಿನ ಗುಳ್ಳೆ ಇದ್ದರೆ, ಒಡೆದು ದೊಡ್ಡ ಹೆಪ್ಪು ಮೆದುಳನ್ನು ಒತ್ತುತ್ತಿದ್ದರೆ, ಇವತ್ತಿಗೂ ಬಹಳ ಕಡೆ ಬುರುಡೆ ತೆರೆದು ಕ್ಲಿಪ್ ಹಾಕುತ್ತಾರೆ. ಮೆದುಳಿನ ಹಿಂಭಾಗದ ಆಳದ ನಾಳದಲ್ಲಿದ್ದರೆ ಒಳಗಿನಿಂದ ಹೋಗುವುದೇ ವಾಸಿ. ಡಾಕ್ಟರನ್ನು ಕೇಳಬೇಕಾದದ್ದು ಗುಳ್ಳೆ ಎಲ್ಲಿದೆ, ಕತ್ತು ಎಷ್ಟು ಅಗಲ, ಒಡೆದಿದೆಯಾ ಅಂತ. ಜೊತೆಗೆ, ಆ ಆಸ್ಪತ್ರೆಯಲ್ಲಿ ಎರಡೂ ಬಗೆ ಮಾಡುವವರು ಇದ್ದಾರಾ ಅಂತ. ಒಂದೇ ಬಗೆ ಮಾಡುವ ಜಾಗದಲ್ಲಿ ಉತ್ತರವೂ ಒಂದೇ ಇರುತ್ತದೆ.

ಅಗಲ ಕತ್ತಿನದು ಒಳಗಿನವರಿಗೂ ತಲೆನೋವೇ. ಕಾಯಿಲ್ ನಾಳಕ್ಕೆ ಜಾರಿ ಬರುತ್ತದೆ. ಮೊದಲು ಪಕ್ಕದಲ್ಲಿ ಬಲೂನು ಉಬ್ಬಿಸಿ ತಡೆದರು, ಆಮೇಲೆ ನಾಳಕ್ಕೇ ಸ್ಟೆಂಟ್, ಅಂದರೆ ಲೋಹದ ಜಾಲರಿ ಕೊಳವೆ, ಹಾಕಿದರು. ಅದರಿಂದಲೇ ಹೊಸ ಯೋಚನೆ ಹುಟ್ಟಿತು: ಗುಳ್ಳೆಯನ್ನು ಮುಟ್ಟುವುದೇ ಬೇಡ, ನಾಳದಲ್ಲಿ ಒತ್ತಾಗಿ ನೇಯ್ದ ಕೊಳವೆ ಹಾಸಿಬಿಟ್ಟರೆ? ಇದು ಫ್ಲೋ ಡೈವರ್ಟರ್. ಪೈಪ್‌ಲೈನ್ ಎಂಬ ಸಾಧನಕ್ಕೆ 2011ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದರಲ್ಲಿ 48 ಎಳೆಗಳನ್ನು ಹೆಣೆದಿರುತ್ತಾರೆ, ನಾಳದ ಗೋಡೆಯ ಸುಮಾರು ಮೂರನೇ ಒಂದು ಭಾಗವನ್ನು ಲೋಹ ಮುಚ್ಚುತ್ತದೆ. ರಕ್ತ ನೆಟ್ಟಗೆ ಹರಿದು ಹೋಗುತ್ತದೆ, ಗುಳ್ಳೆಯೊಳಗೆ ನಿಂತ ರಕ್ತ ತಿಂಗಳುಗಟ್ಟಲೆಯಲ್ಲಿ ಹೆಪ್ಪುಗಟ್ಟುತ್ತದೆ, ಎಳೆಗಳ ಮೇಲೆ ನಾಳದ ಒಳಪದರ ಹೊಸದಾಗಿ ಬೆಳೆಯುತ್ತದೆ. ಡ್ಯಾಂಡಿಗೆ ಕೈಗೆ ಎಟುಕದ ದೊಡ್ಡ ಗುಳ್ಳೆಗಳಿಗೆ ಇದು ವರವಾಯಿತು.

ತಿರುವನಂತಪುರದ ಶ್ರೀ ಚಿತ್ರ ತಿರುನಾಳ್ ಸಂಸ್ಥೆ ಇಂಥದ್ದೇ ಸಾಧನವನ್ನು ದೇಶದೊಳಗೇ ರೂಪಿಸಿದೆ. ಅದಕ್ಕೆ ಬೇಕಾದ ನಿಟಿನಾಲ್ ಲೋಹಕ್ಕೆ ಕೈಜೋಡಿಸಿದ್ದು ನಮ್ಮ ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್. ವಿಮಾನದವರು ಮೆದುಳಿನ ನಾಳಕ್ಕೆ ಲೋಹ ಕೊಟ್ಟದ್ದು ಓದಿ ನನಗೆ ಖುಷಿಯಾಯಿತು. ವಿದೇಶದಿಂದ ಬರುವ ಫ್ಲೋ ಡೈವರ್ಟರಿನ ಬೆಲೆ ಲಕ್ಷಗಳಲ್ಲಿದೆ, ಎರಡು ಎಕರೆ ಅಡಿಕೆ ಇಟ್ಟುಕೊಂಡವರಿಗೆ ಅದು ಸಣ್ಣ ಮಾತಲ್ಲ.

ಫ್ಲೋ ಡೈವರ್ಟರ್ ಅಥವಾ ಸ್ಟೆಂಟ್ ಹಾಕಿಸಿಕೊಂಡವರಿಗೆ ಒಂದು ಮಾತು. ನಾಳದೊಳಗೆ ಲೋಹ ಬರಿದಾಗಿ ಇರುವಷ್ಟು ದಿನ ಅದರ ಮೇಲೆ ರಕ್ತ ಹೆಪ್ಪುಗಟ್ಟಬಾರದು. ಅದಕ್ಕೆ ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ಎರಡೂ ಮಾತ್ರೆಯನ್ನು ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕು. ಒಡೆದ ಗುಳ್ಳೆಗೆ ಇವನ್ನು ಹಾಕಲು ಡಾಕ್ಟರು ಹಿಂಜರಿಯುವುದೂ ಈ ಮಾತ್ರೆಗಳಿಂದಲೇ. ಊರಿಗೆ ಬಂದ ಮೇಲೆ ಹಲ್ಲುನೋವು ಬರುತ್ತದೆ, ಹಲ್ಲು ಕೀಳಿಸಬೇಕು, "ರಕ್ತ ತೆಳುವಾಗೋ ಮಾತ್ರೆ ಒಂದು ವಾರ ನಿಲ್ಸಿ ಬನ್ನಿ" ಅಂತ ಯಾರೋ ಹೇಳುತ್ತಾರೆ. ನಿಲ್ಲಿಸಿದರೆ ಸ್ಟೆಂಟ್ ಕಟ್ಟಿಕೊಂಡು ಲಕ್ವ ಹೊಡೆಯಬಹುದು. ಸಾಧನ ಹಾಕಿದ ಆಸ್ಪತ್ರೆಗೆ ಮೊದಲು ಒಂದು ಫೋನ್ ಮಾಡಿ ಕೇಳಿ, ಹಲ್ಲು ಆಮೇಲೆ ಕೀಳಿಸಿ.